ದೂರದಿಂದ ತೆಗೆಯುವ ಬಾಗಿಲು

ಹೊಲ ಮತ್ತು ಹಾಡು ಬಿಟ್ಟರೆ ಬೇರೆ ಮಾತು ನನಗೆ ಹೆಚ್ಚು ಬರುವುದಿಲ್ಲ ಅಂತ ಊರವರಿಗೆಲ್ಲ ಗೊತ್ತು. ಏಳನೇ ಕ್ಲಾಸು ಓದಿದವನಿಗೆ ಆಫೀಸಿನ ಟೆಲಿಫೋನ್ ಮಿಷನ್ನಿನ ಉಸಾಬರಿ ಯಾಕೆ ಅಂತ ಮೇಷ್ಟ್ರುಗಳು ಕೇಳಬಹುದು. ಆದರೆ ಬೆಂಗಳೂರಿನ ಒಂದು ಆಸ್ಪತ್ರೆಯ ಫೋನು ಒಂದೂವರೆ ವರ್ಷ ನಮ್ಮ ಮನೆ ಮಾಳಿಗೆ ಮೇಲಿಂದ ನಡೆದಿದೆ. ನಡೆಸಿದವಳು ನನ್ನ ಕಿರಿ ಮಗಳು. ಪಕ್ಕದಲ್ಲಿ ಮಂಚ ಹಾಕಿಕೊಂಡು ಅದನ್ನು ನೋಡಿದವನು ನಾನು. ಈಗ ನಮ್ಮೂರಲ್ಲಿ ಬೋರಿನ ಮೋಟಾರು, ಬ್ಯಾಂಕಿನ ದುಡ್ಡು ಎಲ್ಲವೂ ದೂರದಿಂದಲೇ ನಡೆಯುವ ಕಾಲ ಬಂದಿದೆ. ದೂರದಿಂದ ನಡೆಸುವ ವಸ್ತುವಿಗೆ ಬೀಗ ಹೇಗೆ ಹಾಕಬೇಕು ಅನ್ನೋದು ರೈತನೂ ತಿಳಿಯಬೇಕಾದ ಮಾತು ಅಂತ ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಳೇ ಮಾತು. ನಮ್ಮದು ಗಡಿ ಊರು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಹಳೇ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿನ ಕಡೆಗೆ ಹೋಯಿತು. ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಆಂಧ್ರದಲ್ಲಿ ಉಳಿದವು. ನಮ್ಮ ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು. ಹೆಣ್ಣು ಕೊಡೋದು ತರೋದು, ಆಸ್ಪತ್ರೆ, ಸಂತೆ ಎಲ್ಲ ಬಳ್ಳಾರಿ ಕಡೆಗೇ. ನಾನು ಹುಡುಗನಿದ್ದಾಗ ಬಳ್ಳಾರಿಗೆ ಫೋನು ಮಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕೂಡಬೇಕಿತ್ತು. ಎಕ್ಸ್‌ಚೇಂಜಿನಲ್ಲಿ ಆಪರೇಟರು ಕೂತಿರೋರು. ಒಂದು ವೈರಿನ ತುದಿ ಕಿತ್ತು ಇನ್ನೊಂದು ತೂತಿಗೆ ಚುಚ್ಚಿದರೆ ಮಾತು ಹೋಗುತ್ತಿತ್ತು. ಅವರು ಕಿವಿಗೊಟ್ಟರೆ ನಮ್ಮ ಮಾತೆಲ್ಲ ಅವರಿಗೂ ಕೇಳುತ್ತಿತ್ತು. ಅದಕ್ಕೇ ಶೇಂಗಾ ಧಾರಣೆ ಕೇಳುವ ಸಾಹುಕಾರರು ಫೋನಿನಲ್ಲಿ ನೇರ ಕೇಳುತ್ತಿರಲಿಲ್ಲ. "ಮದುವೆಗೆ ಎಷ್ಟು ಜನ ಬರ್ತಾರೆ?" ಅಂತ ಮರೆಮಾತಿನಲ್ಲಿ ಕೇಳೋರು. ಆ ಕಡೆಯವನು ಜನದ ಲೆಕ್ಕ ಹೇಳಿದರೆ ಅದೇ ಧಾರಣೆ.

ನಡುವೆ ಕೂತ ಕೈ ನಂಬಬಹುದೋ ಇಲ್ಲವೋ ಅನ್ನುವ ಈ ಚಿಂತೆ ಇಂದಿನದಲ್ಲ. ಅಮೆರಿಕದ ಕಾನ್ಸಾಸ್ ಸಿಟಿ ಅನ್ನೋ ಪಟ್ಟಣದಲ್ಲಿ ಆಲ್ಮನ್ ಸ್ಟ್ರೌಜರ್ ಅಂತ ಒಬ್ಬ ಇದ್ದನಂತೆ. ಸತ್ತವರ ಮಣ್ಣಿಗೆ ಬೇಕಾದ ಪೆಟ್ಟಿಗೆ, ಗಾಡಿ ಒದಗಿಸೋದು ಅವನ ವ್ಯಾಪಾರ. ಊರಿನ ಟೆಲಿಫೋನ್ ಆಪರೇಟರು ತನಗೆ ಬರುವ ಕರೆಗಳನ್ನು ಎದುರಾಳಿ ಅಂಗಡಿಗೆ ತಿರುಗಿಸುತ್ತಾರೆ ಅಂತ ಅವನಿಗೆ ಅನುಮಾನ ಬಂತು. ನಡುವೆ ಮನುಷ್ಯನ ಕೈಯೇ ಬೇಡ ಅಂತ, ತಾನೇ ಕರೆ ಜೋಡಿಸುವ ಮಿಷನ್ನು ಕಟ್ಟಿದ ಅಂತ ಕತೆ. ಕತೆ ಎಷ್ಟು ಖರೆಯೋ, 1891ರಲ್ಲಿ ಆ ಮಿಷನ್ನಿಗೆ ಅವನಿಗೆ ಪೇಟೆಂಟ್ ಸಿಕ್ಕಿದ್ದಂತೂ ಖರೆ. ಗುಂಡಿ ತಿರುಗಿಸಿ ನಾವೇ ನಂಬರು ಹಚ್ಚುವ ಫೋನಿನ ಮೂಲ ಅದು.

ನಮ್ಮ ದೇಶದ ಹಳ್ಳಿಗಳಿಗೆ ಅಂಥ ಮಿಷನ್ನು ಬಂದದ್ದು ಬಹಳ ತಡ. ವಿದೇಶದ ದೊಡ್ಡ ಎಕ್ಸ್‌ಚೇಂಜುಗಳಿಗೆ ತಂಪು ಮಾಡಿದ ಕೋಣೆ ಬೇಕು. ನಮ್ಮ ಬಿಸಿಲು, ಧೂಳು, ಬಂದು ಹೋಗುವ ಕರೆಂಟಿಗೆ ಅವು ನಿಲ್ಲುತ್ತಿರಲಿಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಅನ್ನೋ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಮುಂದಾಳು. ಆ ಸಂಸ್ಥೆಯ ಹುಡುಗರು ಏಸಿ ಇಲ್ಲದೆ ನಡೆಯುವ, 128 ಲೈನಿನ ಚಿಕ್ಕ ಹಳ್ಳಿ ಎಕ್ಸ್‌ಚೇಂಜ್ ಮಾಡಿದರು. 1986ರ ಜುಲೈ ತಿಂಗಳಲ್ಲಿ ಅದನ್ನು ಮೊದಲು ಕೂಡಿಸಿದ್ದು ನಮ್ಮ ಕನ್ನಡ ನಾಡಿನಲ್ಲೇ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಆಮೇಲೆ ದೇಶದ ತುಂಬ ಹಳ್ಳಿಗಳಿಗೆ ಅಂಥವು ಹೋದವು. ಎಸ್‌ಟಿಡಿ ಬೂತುಗಳ ಹಳದಿ ಬೋರ್ಡು ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. 08392 ಒತ್ತಿ ಬಳ್ಳಾರಿಯ ಬೀಗರ ಜೊತೆ ಮಾತಾಡುವಾಗ ಕಣ್ಣು ಮಾತ್ರ ಮೀಟರಿನ ಮೇಲೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಎಕ್ಸ್‌ಚೇಂಜಿನ ಕೋಣೆಯಿಂದ ಮನುಷ್ಯನ ಕೈ ಎದ್ದು ಹೋಯಿತು ಸರಿ. ಮಿಷನ್ನು ಕೆಟ್ಟರೆ ನೋಡೋರು ಯಾರು? ಪ್ರತಿ ಕೋಣೆಯಲ್ಲೂ ಒಬ್ಬ ಇಂಜಿನಿಯರನ್ನು ಕೂಡಿಸೋಕೆ ಆಗುವುದಿಲ್ಲ. ಆದ್ದರಿಂದ ದೂರದಲ್ಲಿ ಕೂತವನು ತಂತಿ ಮೇಲೇ ಒಳಗೆ ಬಂದು ಸರಿಪಡಿಸುವ ದಾರಿ ಬೇಕಾಯಿತು. ಆ ದಾರಿಗೆ ಬೀಗ ಇಲ್ಲದಿದ್ದರೆ ಸ್ಟ್ರೌಜರ್ ಮುಂಬಾಗಿಲಿಂದ ಓಡಿಸಿದ ಕೈ ಹಿಂಬಾಗಿಲಿಂದ ಮತ್ತೆ ಒಳಗೆ ಬರುತ್ತದೆ. ಆಪರೇಟರಿಗಾದರೂ ಒಂದು ಮುಖ, ಒಂದು ಹೆಸರು ಇತ್ತು. ಈ ಕೈಗೆ ಅದೂ ಇಲ್ಲ.

ನನ್ನ ಮಗಳ ಕೆಲಸ ಆ ದಾರಿಯದು. ಬಳ್ಳಾರಿಯಲ್ಲಿ ಡಿಪ್ಲೊಮಾ ಮಾಡಿ ಬೆಂಗಳೂರಿಗೆ ಹೋದಳು. ಏನು ಕೆಲಸವವ್ವಾ ಅಂತ ಕೇಳಿದರೆ "ಫೋನು ನೋಡ್ಕೊಳ್ಳೋದಪ್ಪಾ" ಅನ್ನೋಳು. ಆಸ್ಪತ್ರೆಯಲ್ಲಿ ಕೂತು ಹಲೋ ಹಲೋ ಅನ್ನುವ ಕೆಲಸ ಅಂತ ಅವಳ ಅಜ್ಜಿ ತಿಳಿದಿದ್ದಳು. ಅದು ಹಂಗಲ್ಲ. ದೊಡ್ಡ ಆಫೀಸು, ಆಸ್ಪತ್ರೆ ಅಂದರೆ ಒಳಗೇ ಒಂದು ಚಿಕ್ಕ ಎಕ್ಸ್‌ಚೇಂಜ್ ಇರುತ್ತದೆ. ಇಪಿಎಬಿಎಕ್ಸ್ ಅಂತಾರೆ. ಹೊರಗಿನವರಿಗೆ ಒಂದೇ ನಂಬರು. ಒಳಗೆ ವಾರ್ಡಿಗೆ, ರಕ್ತದ ಬ್ಯಾಂಕಿಗೆ, ಡಾಕ್ಟರಿಗೆ ನೂರಾರು ಎಕ್ಸ್‌ಟೆನ್ಷನ್. ಮೊದಲು ಇದು ಗೋಡೆಗೆ ಹೊಡೆದ ಒಂದು ಪೆಟ್ಟಿಗೆ ಆಗಿತ್ತು. ಈಗ ಕಂಪ್ಯೂಟರೇ ಆ ಪೆಟ್ಟಿಗೆ. ಮಾತು ಕೂಡ ಇಂಟರ್‌ನೆಟ್ಟಿನ ತಂತಿಯಲ್ಲೇ ಹರಿಯುತ್ತದೆ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಅನ್ನೋ ಅಮೆರಿಕದ ಹುಡುಗ, ತನ್ನ ಚಿಕ್ಕ ಕಂಪನಿಗೆ ಫೋನ್ ಮಿಷನ್ನು ಕೊಳ್ಳುವ ಶಕ್ತಿ ಇಲ್ಲದೆ, ಕಂಪ್ಯೂಟರನ್ನೇ ಎಕ್ಸ್‌ಚೇಂಜ್ ಮಾಡುವ ಆಸ್ಟರಿಸ್ಕ್ ಅನ್ನೋ ಪ್ರೋಗ್ರಾಂ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟನಂತೆ. ಅಂಥ ಕಂಪ್ಯೂಟರಿಗೆ ಹೊಸ ಎಕ್ಸ್‌ಟೆನ್ಷನ್ ಹಾಕೋದು, ಕೆಟ್ಟ ಲೈನು ಬದಲಿಸೋದು, ಯಾವ ಕರೆ ಎಲ್ಲಿಗೆ ಹೋಗಬೇಕು ಅಂತ ಹೇಳೋದು ಮಗಳ ಕೆಲಸ.

2020ರ ಮಾರ್ಚ್ 25ರಿಂದ ದೇಶಕ್ಕೆ ಲಾಕ್‌ಡೌನ್ ಬಿತ್ತು. ಅದಕ್ಕೆ ಎರಡು ದಿನ ಮುಂಚೆ ಮಗಳು ಊರಿಗೆ ಬಂದಿದ್ದಳು. ರಾಜ್ಯದ ಗಡಿಗೆ ಅಡ್ಡ ಕಟ್ಟಿದರು. ತಾಸೊಳಗೆ ಹೋಗುವ ಬಳ್ಳಾರಿ ನಮಗೆ ಪರದೇಶ ಆಯಿತು. ಮಾತ್ರೆ ತರೋಕೆ ಹೋದವರು ಚೆಕ್‌ಪೋಸ್ಟಿನಿಂದ ವಾಪಸ್ ಬಂದರು. ಅತ್ತ ಆಸ್ಪತ್ರೆಯ ಫೋನಿಗೆ ಕರೆ ಹತ್ತು ಪಟ್ಟು ಹೆಚ್ಚಾದವಂತೆ. ಬೆಡ್ ಐತಾ, ಆಕ್ಸಿಜನ್ ಐತಾ, ನಮ್ಮಪ್ಪ ಹೆಂಗವ್ನೆ? ಆ ಕರೆ ನಿಲ್ಲಬಾರದು. ಆಸ್ಪತ್ರೆಯವರು ಮನೆಯಿಂದಲೇ ನಡೆಸು ಅಂದರು. ಆಗ ದೇಶದ ತುಂಬ ಹಂಗೇ ಆಗಿತ್ತು. ಕಾಲ್ ಸೆಂಟರಿನವರು ಮನೆಯಿಂದ ಕೆಲಸ ಮಾಡಲಿ ಅಂತ ದೂರಸಂಪರ್ಕ ಇಲಾಖೆ ಆ ಮಾರ್ಚ್ ತಿಂಗಳಲ್ಲೇ ನಿಯಮ ಸಡಿಲ ಮಾಡಿತ್ತು.

ನಮ್ಮ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಮಾಳಿಗೆ ಹತ್ತಿದರೆ ಮಾತ್ರ ಬರುತ್ತದೆ. ಅದೂ ಒಮ್ಮೆ ಆಂಧ್ರದ ಟವರಿಂದು, ಒಮ್ಮೆ ಕರ್ನಾಟಕದ ಟವರಿಂದು. ಮಾಳಿಗೆ ಮೇಲೆ ಸೋಗೆ ಚಪ್ಪರ ಹಾಕಿಕೊಟ್ಟೆ. ಮೆಣಸಿನಕಾಯಿ ಒಣಗಿಸುವ ಜಾಗದಲ್ಲಿ ಬೆಂಗಳೂರಿನ ಆಸ್ಪತ್ರೆ ಬಂದು ಕೂತಿತು.

ಅಲ್ಲಿ ನನಗೆ ಮೊದಲು ವಿಚಿತ್ರ ಅನ್ನಿಸಿದ್ದು ಒಂದೇ. ಮಗಳು ಕೆಲಸಕ್ಕೆ ಕೂಡುವ ಮುಂಚೆ ಬಾಗಿಲ ಮೇಲೆ ಬಾಗಿಲು ತೆಗೆಯುತ್ತಿದ್ದಳು. ಒಂದು ಪಾಸ್‌ವರ್ಡ್, ಆಮೇಲೆ ಮೊಬೈಲಿಗೆ ಬರುವ ನಂಬರು, ಆಮೇಲೆ ಇನ್ನೊಂದು. "ನಿಂದೇ ಆಸ್ಪತ್ರೆ, ನಿಂದೇ ಮಿಷನ್ನು, ಮತ್ತೆ ನಿನಗೇ ಯಾಕವ್ವಾ ಇಷ್ಟು ಬೀಗ?" ಅಂದೆ.

"ನಾನೇ ಅಂತ ಅದಕ್ಕೆ ಹೆಂಗೆ ಗೊತ್ತಾಗಬೇಕಪ್ಪಾ? ಅದಕ್ಕೆ ಕಣ್ಣಿಲ್ಲ" ಅಂದಳು.

ಆಮೇಲೆ ಅವಳು ಮೊದಲು ಕೆಲಸ ಮಾಡಿದ ಒಂದು ಆಫೀಸಿನ ಕತೆ ಹೇಳಿದಳು. ಯಾವ ಆಫೀಸು ಅಂತ ಹೆಸರು ಬೇಡ. ಅಲ್ಲಿಯ ಫೋನ್ ಕಂಪ್ಯೂಟರನ್ನು ಇಂಟರ್‌ನೆಟ್ಟಿಗೆ ನೇರ ಬಿಟ್ಟಿದ್ದರು, ಮನೆಯಿಂದ ನೋಡಿಕೊಳ್ಳೋಕೆ ಸಲೀಸು ಅಂತ. ಎಕ್ಸ್‌ಟೆನ್ಷನ್ 100ಕ್ಕೆ ಪಾಸ್‌ವರ್ಡೂ 100. ಇಂಥ ಬಾಗಿಲು ಹುಡುಕೋದೇ ಕೆಲಸ ಮಾಡಿಕೊಂಡ ಕಳ್ಳರು ಪರದೇಶದಲ್ಲಿ ಕೂತಿರುತ್ತಾರೆ. ಅವರು ಕೈಯಲ್ಲಿ ಹುಡುಕೋದಿಲ್ಲ. ಅವರ ಕಂಪ್ಯೂಟರು ಹಗಲೂ ರಾತ್ರಿ ಊರೂರು ತಿರುಗಿ ಒಂದೊಂದೇ ಬಾಗಿಲು ತಳ್ಳಿ ನೋಡುತ್ತದೆ. ಶನಿವಾರ ರಾತ್ರಿ ಅವರಿಗೆ ಈ ಬಾಗಿಲು ಸಿಕ್ಕಿತು. ಸೋಮವಾರ ಬೆಳಗ್ಗೆ ಆಫೀಸು ತೆಗೆಯುವ ಹೊತ್ತಿಗೆ ಆ ಫೋನಿಂದ ಸಾವಿರಾರು ನಿಮಿಷ ಐಎಸ್‌ಡಿ ಕರೆ ಹೋಗಿದ್ದವು.

"ಯಾರ ಜೊತೆ ಮಾತಾಡಿದ್ರು?" ಅಂದೆ.

"ಯಾರ ಜೊತೇನೂ ಇಲ್ಲ. ಮಾತಾಡೋದು ಅವರಿಗೆ ಬೇಕಿಲ್ಲ" ಅಂದಳು.

ಪರದೇಶದಲ್ಲಿ ಕೆಲವು ನಂಬರುಗಳಿಗೆ ನಿಮಿಷಕ್ಕೆ ಹೆಚ್ಚಿನ ದರ ಇರುತ್ತದೆ. ಆ ದುಡ್ಡಿನಲ್ಲಿ ಒಂದು ಪಾಲು ನಂಬರು ಹಿಡಿದವನಿಗೆ ಸೇರುತ್ತದೆ. ಕಳ್ಳನು ನಮ್ಮ ಫೋನಿಂದ ತನ್ನ ನಂಬರಿಗೆ ತಾನೇ ಕರೆ ಮಾಡಿಸಿ ಸುಮ್ಮನೆ ಹಿಡಿದಿರುತ್ತಾನೆ. ಬಾವಿ ನಮ್ಮದು, ಕರೆಂಟು ನಮ್ಮದು, ನೀರು ಮಾತ್ರ ಅವನ ಹೊಲಕ್ಕೆ. ಬಿಲ್ಲು ಲಕ್ಷಗಳಲ್ಲಿ ಬಂತಂತೆ. ಆ ಆಫೀಸಿನಲ್ಲಿ ಇದನ್ನೆಲ್ಲ ಹಾಗೆ ಬಿಟ್ಟವರು ದೊಡ್ಡವರು. ಕೆಲಸ ಹೋದದ್ದು ರಾತ್ರಿ ಪಾಳಿಯ ಒಬ್ಬ ಹುಡುಗನದು. ಅದನ್ನು ಹೇಳುವಾಗ ಮಗಳ ಗಂಟಲು ಗಟ್ಟಿಯಾಗಿತ್ತು.

ಅವಳ ಬೀಗಗಳಲ್ಲಿ ನನಗೆ ಬಹಳ ಹಿಡಿಸಿದ್ದು ಎಸ್‌ಎಸ್‌ಎಚ್ ಅನ್ನೋದು. ಮೊದಲು ದೂರದ ಕಂಪ್ಯೂಟರಿಗೆ ಹೋಗೋರು ಪಾಸ್‌ವರ್ಡನ್ನು ಬಿಚ್ಚು ಬಿಚ್ಚಾಗಿ ತಂತಿ ಮೇಲೆ ಕಳಿಸುತ್ತಿದ್ದರು, ಹಳೇ ಟ್ರಂಕ್ ಕಾಲಿನ ಹಾಗೆ. ನಡುವೆ ಕಿವಿಗೊಟ್ಟವನಿಗೆ ಎಲ್ಲ ಸಿಗುತ್ತಿತ್ತು. 1995ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯಾರೋ ಹಾಗೆ ಕಿವಿಗೊಟ್ಟು ಬಹಳ ಜನರ ಪಾಸ್‌ವರ್ಡ್ ಕದ್ದರು. ಅಲ್ಲಿದ್ದ ತಾತು ಇಲೊನೆನ್ ಅನ್ನೋರು ಅದರಿಂದ ಬೇಸತ್ತು ಈ ಹೊಸ ದಾರಿ ಕಟ್ಟಿದರು. ಇದರಲ್ಲಿ ಹೋಗುವ ಮಾತೆಲ್ಲ ಗುಟ್ಟಿನ ಮಾತು. ನಡುವೆ ಕೇಳಿದವನಿಗೆ ಬರೀ ಗದ್ದಲ.

ಇನ್ನೂ ಒಂದು ಚೆಂದ ಇದೆ. ಇದರಲ್ಲಿ ಪಾಸ್‌ವರ್ಡ್ ಕಳಿಸದೆಯೂ ಒಳಗೆ ಹೋಗಬಹುದು. ಹೆಂಗೆ ಅಂತ ಮಗಳು ಕಂಪ್ಯೂಟರಿನ ಮಾತಲ್ಲಿ ಹೇಳಿದಾಗ ನನಗೆ ತಿಳಿಯಲಿಲ್ಲ. ಆಮೇಲೆ ಹಾಡಿನ ಲೆಕ್ಕದಲ್ಲಿ ತಿಳಿಯಿತು. ಗೀಗೀ ಮ್ಯಾಳದವರ ಸವಾಲು ಜವಾಬು ನೀವು ಕೇಳಿದ್ದೀರಿ. ಈ ಕಡೆಯವರು ಒಗಟು ಹಾಕುತ್ತಾರೆ, ಆ ಕಡೆಯವರು ಅಲ್ಲೇ ಒಡೆಯಬೇಕು. ಇಲ್ಲೂ ಹಂಗೇ. ಬೀಗ ಒಂದು, ಬೀಗದ ಕೈ ಒಂದು, ಜೋಡಿಯಾಗಿ ಹುಟ್ಟುತ್ತವೆ. ಬೀಗ ಆಸ್ಪತ್ರೆಯ ಮಿಷನ್ನಿನಲ್ಲಿ. ಬೀಗದ ಕೈ ಮಗಳ ಕಂಪ್ಯೂಟರಿನಲ್ಲಿ. ಅದು ಅಲ್ಲಿಂದ ಎಲ್ಲಿಗೂ ಹೋಗುವುದಿಲ್ಲ. ಮಗಳು ಬಾಗಿಲು ಬಡಿದಾಗ ಆ ಮಿಷನ್ನು ಒಂದು ಒಗಟು ಹಾಕುತ್ತದೆ. ಬೀಗದ ಕೈ ಇದ್ದವರು ಮಾತ್ರ ಅದನ್ನು ಒಡೆಯಬಲ್ಲರು. ಜವಾಬು ಸರಿ ಇದ್ದರೆ ಬಾಗಿಲು ತೆಗೆಯುತ್ತದೆ. ನಾಳೆಯ ಒಗಟು ಬೇರೆ. ಇವತ್ತಿನ ಜವಾಬನ್ನು ಕದ್ದು ಕೇಳಿದವನಿಗೆ ನಾಳೆ ಅದು ಕೆಲಸಕ್ಕೆ ಬರುವುದಿಲ್ಲ. ಬೇರೆಯವರ ಜವಾಬು ಬಾಯಿಪಾಠ ಮಾಡಿ ಕಣಕ್ಕೆ ಬಂದ ಹಾಡುಗಾರ ಹೊಸ ಸವಾಲಿಗೆ ಬಾಯಿ ಬಿಡೋದನ್ನ ನಾನು ಎಷ್ಟು ಜಾತ್ರೆಯಲ್ಲಿ ನೋಡಿಲ್ಲ!

ಉಳಿದ ಬೀಗಗಳನ್ನು ಸುಲಭವಾಗಿ ಹೇಳಿಬಿಡುತ್ತೇನೆ. ಫೋನಿನ ಕಂಪ್ಯೂಟರನ್ನು ಹೊರಗಿನವರ ಕಣ್ಣಿಗೇ ಬೀಳದ ಹಾಗೆ ಇಟ್ಟಿದ್ದರು. ಹೊರಗಿಂದ ಅಲ್ಲಿಗೆ ಹೋಗೋಕೆ ವಿಪಿಎನ್ ಅನ್ನೋ ಒಂದೇ ಸುರಂಗ. ಅದರ ಬಾಯಲ್ಲೇ ಮೊದಲ ವಿಚಾರಣೆ. ನೋಡಿಕೊಳ್ಳುವ ಆರು ಜನಕ್ಕೆ ಆರು ಬೇರೆ ಬೇರೆ ಬೀಗದ ಕೈ. ಒಂದೇ ಕೈ ಮಾಡಿ ಗೂಟಕ್ಕೆ ನೇತುಹಾಕಲಿಲ್ಲ. ಯಾರಾದರೂ ಕೆಲಸ ಬಿಟ್ಟರೆ ಆ ದಿನವೇ ಅವರ ಕೈ ರದ್ದು, ಉಳಿದವರಿಗೆ ತೊಂದರೆ ಇಲ್ಲ. ಯಾರು ಎಷ್ಟು ಹೊತ್ತಿಗೆ ಬಂದರು, ಏನು ಬದಲಿಸಿದರು ಅಂತ ಮಿಷನ್ನೇ ಬರೆದಿಡುತ್ತದೆ. ಐಎಸ್‌ಡಿ ಪೂರ್ತಿ ಬಂದ್. ಬೇಕಾದ ಒಂದಿಬ್ಬರು ಡಾಕ್ಟರಿಗೆ ಮಾತ್ರ ಬಿಟ್ಟಿದ್ದರು.

ಮತ್ತೊಂದು ಪದ್ಧತಿ ನೋಡಿ ನಾನು ತಲೆದೂಗಿದೆ. ದೂರದಿಂದ ಬೀಗ ಬದಲಿಸುವಾಗ ಒಂದು ಅಕ್ಷರ ಹೆಚ್ಚು ಕಡಿಮೆ ಆದರೂ ಬದಲಿಸಿದವರೇ ಹೊರಗೆ ಉಳಿಯುತ್ತಾರೆ. ಮುನ್ನೂರು ಕಿಲೋಮೀಟರ್ ದೂರದ ಬಾಗಿಲನ್ನು ಒದ್ದು ತೆಗೆಯೋಕೆ ಆಗುವುದಿಲ್ಲ. ಅದಕ್ಕೆ ಮಗಳು ಮಿಷನ್ನಿಗೆ ಮೊದಲೇ ಹೇಳಿಡುತ್ತಿದ್ದಳು: ಹತ್ತು ನಿಮಿಷದೊಳಗೆ ನಾನು ಬಂದು ಸರಿ ಅನ್ನದಿದ್ದರೆ ನೀನೇ ಹಳೇ ಹಾಗೆ ಆಗಿಬಿಡು. ಹೂಳು ತೆಗೆಯೋಕೆ ಬಾವಿಗೆ ಇಳಿಯುವವನು ಮೇಲಿನವನಿಗೆ ಇದನ್ನೇ ಹೇಳುತ್ತಾನೆ. ಕೂಗಿಗೆ ಓಗೊಡದಿದ್ದರೆ ಹಗ್ಗ ಎಳೆದುಬಿಡು. ಆಸ್ಪತ್ರೆಯಲ್ಲೂ ಮಿಷನ್ನಿನ ಕೋಣೆಯ ಹತ್ತಿರ ಒಬ್ಬ ಮನುಷ್ಯ ಇರಲೇಬೇಕು ಅಂತ ಮಗಳ ಹಟ. ದೂರದ ದಾರಿ ಎಷ್ಟೇ ಗಟ್ಟಿ ಇದ್ದರೂ ಸ್ವಿಚ್ಚು ಒತ್ತೋಕೆ ಅಲ್ಲಿ ಒಂದು ಕೈ ಬೇಕು. ರಾತ್ರಿ ಪಾಳಿಯ ಸೆಕ್ಯೂರಿಟಿ ಅಣ್ಣನಿಗೆ ಅವಳೇ ಫೋನಿನಲ್ಲಿ ಕಲಿಸಿದ್ದಳು, ಯಾವ ದೀಪ ಹಸಿರು, ಯಾವುದು ಕೆಂಪು ಅಂತ.

ಈ ಬೀಗಗಳ ಬೆಲೆ ನನಗೆ ತಿಳಿದದ್ದು 2021ರ ಮೇ ತಿಂಗಳ ಒಂದು ರಾತ್ರಿ. ಎರಡನೇ ಅಲೆ ಜೋರಾಗಿತ್ತು. ನಮ್ಮ ಬೀದಿಯಲ್ಲೂ ದಿನಕ್ಕೊಂದು ಸುದ್ದಿ. ರಾತ್ರಿ ಒಂದು ಗಂಟೆ ಮೇಲೆ ಮಗಳ ಫೋನು ಬಡಿದುಕೊಂಡಿತು. ಆಸ್ಪತ್ರೆಯ ಮುಖ್ಯ ನಂಬರಿಗೆ ಹೊರಗಿನ ಕರೆ ಬರುವುದು ನಿಂತಿದೆ. ಆಂಬುಲೆನ್ಸಿನವರು, ಮನೆಯವರು ಯಾರು ಕರೆದರೂ ಟೂಂ ಟೂಂ ಅಂತ ಸದ್ದು ಅಷ್ಟೇ. ಮಗಳು ಮಾಳಿಗೆಗೆ ಓಡಿದಳು. ನಾನು ಬ್ಯಾಟರಿ ಹಿಡಿದು ಹಿಂದೆ ಹೋದೆ. ಮಳೆ ಗಾಳಿ ಬೀಸುತ್ತಿತ್ತು, ಸಿಗ್ನಲ್ ಬರುತ್ತಿತ್ತು ಹೋಗುತ್ತಿತ್ತು. ಸುರಂಗ ತೆಗೆಯೋದು, ಅದು ಕಡಿಯೋದು, ಮತ್ತೆ ತೆಗೆಯೋದು.

ಅಷ್ಟರಲ್ಲಿ ಇನ್ನೊಂದು ಕರೆ. ಗಂಡಸಿನ ದನಿ ನನಗೂ ಕೇಳುವಷ್ಟು ಜೋರಿತ್ತು. ತಾನು ಆಸ್ಪತ್ರೆಯ ಆಡಳಿತದ ದೊಡ್ಡವನು, ಇಲ್ಲಿ ನನ್ನ ಹತ್ತಿರ ಹುಡುಗ ಇದ್ದಾನೆ, ನಿನ್ನ ಪಾಸ್‌ವರ್ಡ್ ಮತ್ತೆ ಆ ಬೀಗದ ಕೈಯ ಫೈಲು ವಾಟ್ಸಾಪಿನಲ್ಲಿ ಕಳಿಸು, ಅವನೇ ಸರಿ ಮಾಡುತ್ತಾನೆ ಅಂದ. ಮಗಳು "ಒಂದು ನಿಮಿಷ ಸಾರ್" ಅಂತ ಕರೆ ಕಡಿದು, ತನ್ನ ಹತ್ತಿರ ಇದ್ದ ಆಡಳಿತದವರ ನಂಬರಿಗೆ ತಾನೇ ತಿರುಗಿ ಮಾಡಿದಳು. ಅದೇ ಮನುಷ್ಯ ಎತ್ತಿದ. ಅಂದರೆ ಕಳ್ಳ ಅಲ್ಲ, ನಿಜವಾಗಿ ದೊಡ್ಡವನೇ. ಸಿಟ್ಟು ಎರಡು ಪಟ್ಟು ಆಗಿತ್ತು.

"ಸಾರ್, ಕೈ ಕಳ್ಸೋಕೆ ಆಗಲ್ಲ. ಅರ್ಧ ಗಂಟೆ ಕೊಡಿ" ಅಂದಳು.

"ಇಲ್ಲಿ ಜನ ಸಾಯ್ತಿದಾರೆ, ನಿನ್ನ ರೂಲ್ಸು ಹೇಳ್ತೀಯಾ?"

"ಅದಕ್ಕೇ ಸಾರ್ ಕೊಡಲ್ಲ."

ನನ್ನ ಎದೆ ಡವಡವ ಅಂತಿತ್ತು. ಕೊಟ್ಟುಬಿಡವ್ವಾ ಅಂತ ಬಾಯಿ ತನಕ ಬಂತು. ಆದರೆ ಮಗಳ ಮುಖ ನೋಡಿ ಸುಮ್ಮನಾದೆ. ಆಮೇಲೆ ಆಕೆ ಆ ಸೆಕ್ಯೂರಿಟಿ ಅಣ್ಣನಿಗೆ ಫೋನು ಹಚ್ಚಿದಳು. "ಅಣ್ಣಾ, ಮೂರನೇ ಪೆಟ್ಟಿಗೆ ದೀಪ ಏನೈತೆ?" "ಕೆಂಪು ಐತಮ್ಮಾ." ಹೊರಗಿಂದ ಬರುವ ಕಂಪನಿಯ ಲೈನೇ ಸತ್ತಿತ್ತು, ಮಿಷನ್ನು ಚೆನ್ನಾಗಿತ್ತು. ಸುರಂಗ ಹಿಡಿದು ಒಳಗೆ ಹೋಗಿ, ಹೊರಗೆ ಹೋಗುವ ಕರೆಗಳನ್ನು ಎರಡನೇ ಕಂಪನಿಯ ಲೈನಿಗೆ ಹಾಕಿದಳು. ಮುಖ್ಯ ನಂಬರಿಗೆ ಬರುವ ಕರೆಗಳನ್ನು ಆ ಕಂಪನಿಯವರಿಗೆ ಹೇಳಿ ತಿರುಗಿಸಿಸಿದಳು. ಎರಡು ಗಂಟೆ ಹೊಡೆಯುವ ಮುಂಚೆ ಸೆಕ್ಯೂರಿಟಿ ಅಣ್ಣ "ಬಡೀತೈತಮ್ಮಾ, ಬಡೀತೈತೆ" ಅಂತ ಕೂಗಿದ್ದು ನನಗೂ ಕೇಳಿಸಿತು.

ಮಗಳು ಆ ದೊಡ್ಡವನಿಗೆ ಕೈ ಕೊಟ್ಟಿದ್ದರೆ ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಆ ಫೈಲು ಇಬ್ಬರ ಫೋನಿನಲ್ಲಿ ಉಳಿಯುತ್ತಿತ್ತು. ಇಬ್ಬರಿಂದ ನಾಲ್ಕು ಜನಕ್ಕೆ ಹೋಗುತ್ತಿತ್ತು. ಮುಂದೆ ಯಾವತ್ತೋ ಒಂದು ಶನಿವಾರ ರಾತ್ರಿ ಆ ಬಾಗಿಲಿಂದ ಯಾರು ಬಂದರು ಅಂತ ಕೇಳಿದರೆ, ಮಿಷನ್ನಿನ ಪುಸ್ತಕದಲ್ಲಿ ನನ್ನ ಮಗಳ ಹೆಸರೇ ಇರುತ್ತಿತ್ತು. ಅದೂ ಅಲ್ಲದೆ, ಹೊರಗಿನ ಲೈನು ಸತ್ತದ್ದಕ್ಕೆ ಆ ಹುಡುಗ ಒಳಗೆ ಹೋಗಿ ಮಾಡುವಂಥದ್ದು ಏನೂ ಇರಲಿಲ್ಲ. ಗಾಬರಿಯಲ್ಲಿ ಒಂದಕ್ಕೆ ಹತ್ತು ಬದಲಿಸಿ ಇದ್ದದ್ದನ್ನೂ ಕೆಡಿಸುವ ಸಾಧ್ಯತೆಯೇ ಹೆಚ್ಚಿತ್ತು.

ಇದಕ್ಕೆ ಮಗಳಿಗೆ ಶಾಲು ಹೊದಿಸಿದರು ಅಂತ ತಿಳಿಯಬೇಡಿ. ಆ ದೊಡ್ಡವನು ನಾಲ್ಕು ತಿಂಗಳು ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲವಂತೆ. ಆ ವರ್ಷ ಸಂಬಳವೂ ಏರಲಿಲ್ಲ. "ಬೇಜಾರಿಲ್ಲವೇನವ್ವಾ" ಅಂದರೆ "ಬೇಜಾರು ಐತೆ. ಆದ್ರೆ ನಿದ್ದೆ ಬರ್ತೈತಪ್ಪಾ" ಅಂದಳು.

ಇನ್ನು ನಮ್ಮೂರಿನ ಮಾತಿಗೆ ಬರುತ್ತೇನೆ. ರಾತ್ರಿ ಪಾಳಿ ಕರೆಂಟಿಗೆ ಕತ್ತಲಲ್ಲಿ ಬೋರಿನ ಹತ್ತಿರ ಹೋಗಿ ಹಾವು ಕಚ್ಚಿಸಿಕೊಂಡವರು ಎಷ್ಟು ಜನ! ಆ ಕಷ್ಟಕ್ಕೆ ಮೊಬೈಲ್ ಸ್ಟಾರ್ಟರು ಬಂತು. ಪುಣೆಯ ಸಂತೋಷ್ ಓಸ್ತವಾಲ್ ಅನ್ನೋ ಇಂಜಿನಿಯರು ನ್ಯಾನೋ ಗಣೇಶ ಅಂತ ಹೆಸರಿಟ್ಟು ಮೊದಮೊದಲು ಮಾಡಿದವರಲ್ಲಿ ಒಬ್ಬರು. ಈಗ ಹತ್ತಾರು ಕಂಪನಿಯವು ಸಿಗುತ್ತವೆ. ಒಳಗೆ ಒಂದು ಸಿಮ್ ಇರುತ್ತದೆ. ಮನೆಯಿಂದ ಅದಕ್ಕೆ ಕರೆ ಮಾಡಿ ನಂಬರು ಒತ್ತಿದರೆ ಮೋಟಾರು ಹೊರಡುತ್ತದೆ, ಕರೆಂಟಿಲ್ಲ ಅಂದರೆ ಅದೇ ಹೇಳುತ್ತದೆ. ಮಗಳು ಇದನ್ನು ನೋಡಿ ನಕ್ಕಳು. "ಅಪ್ಪಾ, ನನ್ನ ಕೆಲಸಾನೇ ಇದು. ನಂದು ಫೋನು, ನಿಂದು ಮೋಟಾರು" ಅಂದಳು.

ಹಾಗಾದರೆ ಬೀಗವೂ ಅದೇ. ಅಂಗಡಿಯಿಂದ ಬರುವಾಗ ಎಷ್ಟೋ ಸ್ಟಾರ್ಟರಿಗೆ 1234 ಅಥವಾ 0000 ಅನ್ನೋದೇ ಪಾಸ್‌ವರ್ಡ್. ಅದು ಊರಿಗೆಲ್ಲ ಗೊತ್ತು. ಅದನ್ನು ಬದಲಿಸಬೇಕು. ಯಾವ ಯಾವ ನಂಬರಿನ ಕರೆಗೆ ಓಗೊಡಬೇಕು ಅಂತ ಬರೆಸುವ ಅವಕಾಶ ಅದರಲ್ಲಿ ಇದ್ದರೆ ಮನೆಯವರ ನಂಬರು ಮಾತ್ರ ಬರೆಸಬೇಕು. ಜೀತದಾಳು ಬಿಟ್ಟು ಹೋದ, ಪಾಲುದಾರ ಬೇರೆ ಆದ ಅಂದರೆ ಆ ದಿನವೇ ಅವರ ನಂಬರು ತೆಗೆಸಬೇಕು. ಅದು ಅವರ ಮೇಲಿನ ಅನುಮಾನ ಅಲ್ಲ. ನಾಳೆ ಮೋಟಾರು ಸುಟ್ಟರೆ ಅವರ ಮೇಲೆ ಮಾತು ಬರಬಾರದು ಅಂತ. ಹೊಲದ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕೈಯಿಂದ ನಿಲ್ಲಿಸುವ ಸ್ವಿಚ್ಚು ಯಾವಾಗಲೂ ಸರಿ ಇರಬೇಕು. ಮೋಟಾರಿನ ವೈರು ಮುಟ್ಟುವ ಮುಂಚೆ ಫೋನಿನಲ್ಲಿ ಆಫ್ ಮಾಡಿದೆ ಅಂತ ನಂಬಬೇಡಿ. ಫ್ಯೂಸು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಯಾರಾದರೂ ಗೊತ್ತಿಲ್ಲದೆ ದೂರದಿಂದ ಆನ್ ಮಾಡಿದರೆ ಹೋಗೋದು ಜೀವ.

ಇನ್ನೊಂದು ಬಾಗಿಲು ನಮ್ಮ ಜೇಬಿನಲ್ಲೇ ಇದೆ. "ಈ ರಾತ್ರಿ ನಿಮ್ಮ ಕರೆಂಟು ಕಡೀತೀವಿ, ಈ ಆಪ್ ಹಾಕ್ಕೊಳ್ಳಿ, ಬರೋ ನಂಬರು ಹೇಳಿ" ಅಂತ ತೆಲುಗಿನಲ್ಲೋ ಹಿಂದಿಯಲ್ಲೋ ಕರೆ ಬರುತ್ತದೆ. ಆ ಆಪು ಮಗಳ ಸುರಂಗದಂಥದ್ದೇ. ಒಳ್ಳೆಯ ಕೆಲಸಕ್ಕೆ ಮಾಡಿದ್ದು, ಇಂಜಿನಿಯರು ದೂರದಿಂದ ರಿಪೇರಿ ಮಾಡಲಿ ಅಂತ. ನಂಬರು ಹೇಳಿದರೆ ನಮ್ಮ ಫೋನಿನ ಪರದೆ ಕಳ್ಳನ ಕಣ್ಣಿಗೆ ಬೀಳುತ್ತದೆ. 2019ರಲ್ಲೇ ರಿಸರ್ವ್ ಬ್ಯಾಂಕು ಎನಿಡೆಸ್ಕ್ ಅನ್ನೋ ಆಪಿನ ಹೆಸರು ಹೇಳಿ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಅಂಥ ಕರೆ ಬಂದರೆ ಮಗಳು ಮಾಡಿದ್ದನ್ನೇ ಮಾಡಿ. ಎದುರು ಮಾತು ಬೇಡ. ಕಡಿದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲೋ ಕರೆಂಟು ಬಿಲ್ಲಿನಲ್ಲೋ ಇರುವ ನಂಬರಿಗೆ ನೀವೇ ತಿರುಗಿ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನೆ ಕೂಡಬೇಡಿ, ತಡ ಮಾಡದೆ 1930ಕ್ಕೆ ಫೋನು ಮಾಡಿ. ಎಷ್ಟು ಬೇಗ ಹೇಳಿದರೆ ದುಡ್ಡು ತಡೆಯೋಕೆ ಅಷ್ಟು ಅವಕಾಶ.

ಮೇಷ್ಟ್ರುಗಳಿಗೆ ಒಂದು ಕೋರಿಕೆ. ಮಕ್ಕಳಿಗೆ ಇದನ್ನು ಭಯ ಹುಟ್ಟಿಸಿ ಹೇಳಬೇಡಿ. ಒಗಟು ಹಾಕಿ ಹೇಳಿ. ದೊಡ್ಡವರು ಕೇಳಿದರೂ ಕೊಡಬಾರದ ವಸ್ತು ಒಂದು ಇರುತ್ತದೆ, ಅದನ್ನು ಕೊಡೋದಿಲ್ಲ ಅಂದರೆ ಅದು ಅವಿಧೇಯತೆ ಅಲ್ಲ ಅಂತ ಕಲಿಸಿ. ನಮ್ಮ ಕಾಲದಲ್ಲಿ ದೊಡ್ಡವರು ಕೇಳಿದರೆ ಇಲ್ಲ ಅನ್ನಬಾರದು ಅಂತಲೇ ಕಲಿಸಿದ್ದರು. ಈ ಕಾಲಕ್ಕೆ ಅದೊಂದು ಪಾಠ ಬದಲಾಗಬೇಕು.

ಮಗಳು ಈಗ ಮತ್ತೆ ಬೆಂಗಳೂರಿಗೆ ಹೋಗಿದ್ದಾಳೆ. ಯುಗಾದಿಗೆ ಬರುತ್ತಾಳೆ. ಮೊಬೈಲ್ ಸ್ಟಾರ್ಟರು ಇದ್ದವರು ಅದರ ಜೊತೆ ಕೊಟ್ಟ ಚೀಟಿ ಹುಡುಕಿ ಇಟ್ಟುಕೊಳ್ಳಿ. ಹಬ್ಬದ ಮಾರನೇ ದಿನ ವಾಚನಾಲಯದ ಕಟ್ಟೆಗೆ ಬಂದರೆ ಪಾಸ್‌ವರ್ಡ್ ಬದಲಿಸೋದು ಹೇಗೆ ಅಂತ ತೋರಿಸುತ್ತಾಳೆ. ಹೊಸ ಪಾಸ್‌ವರ್ಡ್ ಏನು ಅಂತ ಮಾತ್ರ ಅವಳಿಗೂ ಹೇಳಬೇಡಿ, ನನಗೂ ಹೇಳಬೇಡಿ.